ಕೊಡಗಿನ ಮಳೆ, ಮನೆ ಮತ್ತು ಸೈಕಲ್: ಯಾವ ದಾರಿಗೆ ಯಾವ ಸಜ್ಜು

ಕೊಡಗಿನಲ್ಲಿ ಸೈಕಲ್ ತುಳಿಯಲು ಯಾವ ಸಾಮಗ್ರಿ ಬೇಕೆಂದು ನಿರ್ಧರಿಸುವ ಮೊದಲು, ಹೋಗಲಿರುವ ದಾರಿಯ ಇಕ್ಕೆಲದಲ್ಲಿ ಮನೆಗಳು ಎಲ್ಲಿ, ಹೇಗೆ, ಎಷ್ಟು ದೂರಕ್ಕೊಂದರಂತೆ ನಿಂತಿವೆ ಎಂಬುದನ್ನು ಗಮನಿಸಬೇಕು. ಸೈಕಲ್ಲಿಗೂ ಮನೆಗೂ ಎತ್ತಣ ಸಂಬಂಧ ಎಂದು ಅನ್ನಿಸಬಹುದು. ಆದರೆ 4,102 ಚದರ ಕಿ.ಮೀ. ವಿಸ್ತಾರದ ಈ ಸಣ್ಣ ಜಿಲ್ಲೆಯಲ್ಲಿ ಮಳೆ ಎಲ್ಲೆಡೆ ಒಂದೇ ತೆರನಾಗಿ ಬೀಳುವುದಿಲ್ಲ. ಕುಶಾಲನಗರದ ಸುತ್ತ ವರ್ಷಕ್ಕೆ ಸುಮಾರು ಒಂದು ಸಾವಿರ ಮಿ.ಮೀ. ಮಳೆಯಾದರೆ, ಅಲ್ಲಿಂದ ಸುಮಾರು 30 ಕಿ.ಮೀ. ದೂರದ ಮಡಿಕೇರಿಯಲ್ಲಿ ಅದು ಮೂರು ಸಾವಿರವನ್ನು ದಾಟುತ್ತದೆ, ಭಾಗಮಂಡಲದ ಕಡೆ ಐದು ಸಾವಿರವನ್ನೂ ಮೀರುತ್ತದೆ. ಮನೆ ಕಟ್ಟಿದ ಹಿರಿಯರು ಈ ವ್ಯತ್ಯಾಸವನ್ನು ಮಳೆಮಾಪಕವಿಲ್ಲದೆಯೇ ಅರಿತಿದ್ದರು, ಅದಕ್ಕೆ ತಕ್ಕಂತೆ ಜಾಗ ಹುಡುಕಿದ್ದರು. ಸೈಕಲ್ ಸವಾರ ಮಾಡಬೇಕಾದದ್ದು ಇಷ್ಟೇ: ಆ ಮನೆಗಳನ್ನು ಓದಿಕೊಂಡು ತನ್ನ ಚೀಲ ತುಂಬಿಕೊಳ್ಳುವುದು.

ಕಾರಣ ಸರಳವಾದದ್ದು. ಅರಬ್ಬೀ ಸಮುದ್ರದಿಂದ ಬರುವ ನೈಋತ್ಯ ಮಾರುತ ಪಶ್ಚಿಮ ಘಟ್ಟಕ್ಕೆ ತಗುಲಿ ಮೇಲೇರುವಾಗ ತಣ್ಣಗಾಗಿ ತನ್ನ ನೀರಿನ ಬಹುಪಾಲನ್ನು ಪಡುವಣ ಅಂಚಿನಲ್ಲೇ ಸುರಿಸುತ್ತದೆ. ತಡಿಯಂಡಮೋಳ್ (1,748 ಮೀ.), ಪುಷ್ಪಗಿರಿ (1,712 ಮೀ.) ಮತ್ತು ಬ್ರಹ್ಮಗಿರಿಯ ಸಾಲುಗಳನ್ನು ದಾಟಿ ಮೂಡಣಕ್ಕೆ ಇಳಿಯುವಷ್ಟರಲ್ಲಿ ಆ ಗಾಳಿಯಲ್ಲಿ ಹೆಚ್ಚಿನ ತೇವ ಉಳಿದಿರುವುದಿಲ್ಲ. ಹಾಗಾಗಿ ಕುಶಾಲನಗರದ ಕಡೆ ಬಯಲುಸೀಮೆಯಂತೆ ಮನೆಗಳು ಒತ್ತಟ್ಟಿಗೆ ಇವೆ, ಸಪಾಟು ತಾರಸಿಗಳು ಸಾಮಾನ್ಯ, ರಸ್ತೆ ಬಹುಮಟ್ಟಿಗೆ ಸಮತಟ್ಟು. ಮಡಿಕೇರಿ, ನಾಪೋಕ್ಲು, ವಿರಾಜಪೇಟೆ, ಪೊನ್ನಂಪೇಟೆಗಳ ನಡುನಾಡಿನಲ್ಲಿ ಕಣಿವೆಯ ತಳವನ್ನು ಭತ್ತದ ಗದ್ದೆಗೆ ಬಿಟ್ಟುಕೊಟ್ಟು, ಗಾಳಿಗೆ ಒಡ್ಡಿಕೊಂಡ ಬೆಟ್ಟದ ನೆತ್ತಿಯನ್ನೂ ಬಿಟ್ಟು, ಇವೆರಡರ ನಡುವಿನ ಇಳಿಜಾರಿನಲ್ಲಿ ಒಂದೊಂದೇ ಮನೆ ನಿಂತಿದೆ. ಹಳೆಯ ಐನ್‌ಮನೆಗಳು, ಅಂದರೆ ಕೊಡವ ಕುಟುಂಬಗಳ ಹಿರಿಯರ ಮನೆಗಳು, ತಮ್ಮ ಗದ್ದೆಗೆ ಅಭಿಮುಖವಾಗಿ, ರಸ್ತೆಯಿಂದ ಓಣಿಯೊಂದರ ಕೊನೆಯಲ್ಲಿ, ಬಾಣೆಯ (ಗದ್ದೆಗೆ ಹೊಂದಿಕೊಂಡ ಎತ್ತರದ ಜಮೀನಿನ) ಮರಗಳನ್ನು ಬೆನ್ನಿಗಿಟ್ಟುಕೊಂಡು ಕುಳಿತಿರುವುದನ್ನು ಇಲ್ಲಿ ಕಾಣಬಹುದು. ಇನ್ನೂ ಪಡುವಣಕ್ಕೆ, ಗಾಳಿಬೀಡು ಮತ್ತು ಭಾಗಮಂಡಲದ ಕಡೆಗೆ ಹೋದರೆ ಮನೆಗಳು ವಿರಳವಾಗುತ್ತವೆ, ಮಾಡು ಕಡಿದಾಗುತ್ತದೆ, ಮಳೆಗಾಲದಲ್ಲಿ ಜಗಲಿಯ ಪಡುವಣ ಬದಿಗೆ ತಟ್ಟಿಯನ್ನೋ ಪ್ಲಾಸ್ಟಿಕ್ ಹಾಳೆಯನ್ನೋ ಕಟ್ಟಿರುತ್ತಾರೆ. ಎರಚಲು ಯಾವ ದಿಕ್ಕಿನಿಂದ ಬರುತ್ತದೆ ಎಂಬುದನ್ನು ತಿಳಿಯಲು ಆ ತಟ್ಟಿ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣಕ್ಕೆ ತುಳಿಯುವವರಿಗೆ ಎದುರುಗಾಳಿ ಖಚಿತವಾದ್ದರಿಂದ, ಬೆಳಗ್ಗೆ ದೇಹದಲ್ಲಿ ಬಲವಿರುವಾಗ ಪಡುವಣಕ್ಕೆ ಹೋಗಿ, ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಹಿಂತಿರುಗುವಂತೆ ದಾರಿ ಹಾಕಿಕೊಳ್ಳುವುದು ಜಾಣತನ.

ಸಾಮಗ್ರಿಯಲ್ಲಿ ಮೊದಲು ಹಣ ಹಾಕಬೇಕಾದದ್ದು ಬ್ರೇಕಿಗೆ. ಸೈಕಲ್ ಎಷ್ಟು ಹಗುರವಾಗಿದೆ ಎಂದು ಕೇಳುವವರೇ ಹೆಚ್ಚು. ಕೊಡಗಿನಲ್ಲಿ ಕೇಳಬೇಕಾದ ಪ್ರಶ್ನೆ ಅದು ಎಷ್ಟು ಬೇಗ ನಿಲ್ಲುತ್ತದೆ ಎಂಬುದು. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಘಾಟಿ ರಸ್ತೆಯಲ್ಲಿ ಸುಮಾರು ಒಂದು ಸಾವಿರ ಮೀಟರ್ ಎತ್ತರ ಕಳೆಯುತ್ತದೆ. ಸವಾರನೂ ಸೈಕಲ್ಲೂ ಸೇರಿ 85 ಕಿಲೋ ತೂಗಿದರೆ, ಆ ಇಳಿತದಲ್ಲಿ ಬಿಡುಗಡೆಯಾಗುವ ಶಕ್ತಿ ಎರಡೂವರೆ ಲೀಟರ್ ತಣ್ಣೀರನ್ನು ಕುದಿಸಬಲ್ಲದು. ಅದರಲ್ಲಿ ಒಂದು ಭಾಗ ಗಾಳಿಯ ತಡೆಗೆ ಹೋದರೂ ಉಳಿದದ್ದೆಲ್ಲ ಶಾಖವಾಗಿ ಬ್ರೇಕಿನ ಮೇಲೆಯೇ ಬೀಳುತ್ತದೆ. ಗಾಲಿಯ ಲೋಹದ ಬಳೆಗೇ ರಬ್ಬರು ಒತ್ತುವ ರಿಮ್ ಬ್ರೇಕ್ ಇರುವ ಸೈಕಲ್ಲಿನಲ್ಲಿ ಆ ಶಾಖ ರಿಮ್ಮಿಗೆ ಹರಿದು ಟ್ಯೂಬಿನವರೆಗೂ ತಲುಪುತ್ತದೆ. ಮಳೆಯಲ್ಲಾದರೆ ಇನ್ನೊಂದು ತೊಂದರೆಯಿದೆ: ರಿಮ್ಮಿನ ಮೇಲಿನ ನೀರನ್ನು ಒರೆಸುವವರೆಗೆ ರಬ್ಬರು ಹಿಡಿಯುವುದಿಲ್ಲ, ಕೆಂಪುಮಣ್ಣಿನ ಕಣಗಳು ಮರಳುಕಾಗದದಂತೆ ರಿಮ್ಮನ್ನೇ ಸವೆಸುತ್ತವೆ. ಆದ್ದರಿಂದ ನಡುನಾಡು ಮತ್ತು ಪಡುವಣಕ್ಕೆ, ಗಾಲಿಯ ನಡುವಿನ ಲೋಹದ ತಟ್ಟೆಯನ್ನು ಹಿಡಿಯುವ ಡಿಸ್ಕ್ ಬ್ರೇಕೇ ತಕ್ಕದ್ದು. ದ್ರವದ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಆದರೆ ಬೆರಳಿಗೆ ಆಯಾಸ ಕಡಿಮೆ. ಕೇಬಲ್ ಎಳೆಯುವ ಮೆಕ್ಯಾನಿಕಲ್ ಡಿಸ್ಕ್ ಆದರೆ ದಾರಿಯಲ್ಲೇ ಬಿಗಿ ಮಾಡಿಕೊಳ್ಳಬಹುದು, ಸರ್ವಿಸ್ ಸಿಗದ ಊರಿನಲ್ಲಿ ಅದೂ ಒಂದು ಅನುಕೂಲವೇ. ಪ್ಯಾಡುಗಳಲ್ಲಿ ರೆಸಿನ್ ಬಗೆಯದು ಸದ್ದಿಲ್ಲದೆ ಮೃದುವಾಗಿ ಹಿಡಿಯುತ್ತದೆ, ಆದರೆ ಕೆಸರುನೀರಿನಲ್ಲಿ ಬೇಗ ಕರಗುತ್ತದೆ. ಲೋಹದ ಪ್ಯಾಡು ಕಿರುಚಿದರೂ ಬಾಳಿಕೆ ಬರುತ್ತದೆ. ಮಳೆಗಾಲಕ್ಕೆ ಎರಡನೆಯದನ್ನು ಹಾಕಿಸಿಕೊಳ್ಳಿ, ಪ್ಯಾಡಿನ ದಪ್ಪ ಒಂದು ಮಿ.ಮೀ.ಗೆ ಇಳಿಯುವ ಮುನ್ನ ಬದಲಿಸಿ.

ಒಳ್ಳೆಯ ಬ್ರೇಕಿದ್ದರೆ ಸಾಲದು, ಹಿಡಿಯುವ ಕ್ರಮವೂ ಗೊತ್ತಿರಬೇಕು. ಇಳಿಜಾರಿನುದ್ದಕ್ಕೂ ಹಗುರವಾಗಿ ಒತ್ತಿಕೊಂಡೇ ಬಂದರೆ ಪ್ಯಾಡಿಗೆ ಆರಲು ಬಿಡುವಿಲ್ಲದೆ ಅದರ ಮೈ ಗಾಜಿನಂತೆ ನುಣುಪಾಗಿ ಹಿಡಿತ ತಪ್ಪುತ್ತದೆ. ತಿರುವಿಗೆ ಮುಂಚೆ, ಸೈಕಲ್ ನೆಟ್ಟಗಿರುವಾಗಲೇ, ಎರಡೂ ಬ್ರೇಕುಗಳನ್ನು ಬಲವಾಗಿ ಹಿಡಿದು ವೇಗ ಇಳಿಸಬೇಕು, ತಿರುವಿನೊಳಗೆ ಬಿಟ್ಟುಬಿಡಬೇಕು.

ಗೇರಿನ ವಿಷಯಕ್ಕೆ ಬಂದರೆ, ಇಲ್ಲಿ ಹೆಚ್ಚಿನವರು ಹೆದ್ದಾರಿಯ ಏರನ್ನು ಲೆಕ್ಕ ಹಾಕಿ ಸೈಕಲ್ ಆರಿಸುತ್ತಾರೆ. ಕುಶಾಲನಗರದಿಂದ ಮಡಿಕೇರಿಗೆ ಏರಿಕೆ 300 ಮೀಟರಿಗೆ ತುಸು ಹೆಚ್ಚು, ಅದು ಸಾವಧಾನದ ಏರು. ಭಾಗಮಂಡಲದಿಂದ 1,276 ಮೀಟರ್ ಎತ್ತರದ ತಲಕಾವೇರಿಗೆ ಹೋಗುವ 8 ಕಿ.ಮೀ. ಕಡಿದಾಗಿದ್ದರೂ ಬಸ್ಸು ಏರುವಷ್ಟೇ ಕಡಿದು. ನಿಜವಾದ ಪರೀಕ್ಷೆ ಇರುವುದು ಮನೆಗಳ ದಾರಿಯಲ್ಲಿ. ಗಾಡಿ, ಬಸ್ಸುಗಳಿಗಾಗಿ ಕಡಿದ ಮುಖ್ಯ ರಸ್ತೆ ಬೆಟ್ಟವನ್ನು ಬಳಸಿಕೊಂಡು ನಿಧಾನವಾಗಿ ಏರಿದರೆ, ಗದ್ದೆಯಂಚಿನಿಂದ ಮನೆಯಂಗಳಕ್ಕೆ ಹೋಗುವ ತೋಟದ ಕಾಂಕ್ರೀಟ್ ದಾರಿ ಯಾವ ಸುತ್ತೂ ಇಲ್ಲದೆ ನೇರ ಮೇಲಕ್ಕೆ ಹೋಗುತ್ತದೆ. ಮನೆಯನ್ನು ನೀರಿನಿಂದ ಎತ್ತರದಲ್ಲಿಟ್ಟ ಎಚ್ಚರಿಕೆಯ ಬೆಲೆಯನ್ನು ಸೈಕಲ್ ಸವಾರನ ಮೊಣಕಾಲು ತೆರಬೇಕಾಗುತ್ತದೆ. ಆದ್ದರಿಂದ ಮುಂದಿನ ಸಣ್ಣ ಚೈನ್‌ರಿಂಗಿನ (ಪೆಡಲಿನ ಬಳಿಯ ಹಲ್ಲುಚಕ್ರದ) ಹಲ್ಲುಗಳಷ್ಟೇ ಅಥವಾ ಅದಕ್ಕಿಂತ ಹೆಚ್ಚು ಹಲ್ಲುಗಳು ಹಿಂದಿನ ಕ್ಯಾಸೆಟ್ಟಿನ (ಹಿಂದಿನ ಗಾಲಿಯ ಹಲ್ಲುಚಕ್ರಗಳ ಗುಂಪಿನ) ದೊಡ್ಡ ಚಕ್ರದಲ್ಲಿರಬೇಕು. ಮುಂದೆ 34, ಹಿಂದೆ 34 ಇದ್ದರೆ ಪೆಡಲಿನ ಒಂದು ಸುತ್ತಿಗೆ ಗಾಲಿಯೂ ಒಂದು ಸುತ್ತು ತಿರುಗಿ ಸುಮಾರು 2.1 ಮೀಟರ್ ಸಾಗುತ್ತದೆ. ನಿಮಿಷಕ್ಕೆ 60 ಸುತ್ತಿನಂತೆ ತುಳಿದರೆ ಗಂಟೆಗೆ ಏಳೂವರೆ ಕಿ.ಮೀ. ವೇಗ ಬರುತ್ತದೆ. ಸಾಮಾನು ಹೊತ್ತ ಸವಾರನಿಗೆ ಇದಕ್ಕಿಂತಲೂ ಸಣ್ಣ ಗೇರು, ಅಂದರೆ ಮುಂದೆ 30 ಅಥವಾ 32, ಹಿಂದೆ 36 ಅಥವಾ ಅದಕ್ಕೂ ಹೆಚ್ಚು, ಇದ್ದರೆ ಮೇಲು. ದೊಡ್ಡ ಗೇರಿನ ಬಗ್ಗೆ ಚಿಂತಿಸುವ ಅಗತ್ಯವೇ ಇಲ್ಲ. ಇಲ್ಲಿನ ಇಳಿಜಾರಿನಲ್ಲಿ ಯಾರೂ ತುಳಿಯಬೇಕಾಗಿಲ್ಲ, ತುಳಿಯಲೂಬಾರದು.

ಟಯರಿನ ಅಗಲ ಮೂಡಣ ಬದಿಗೆ 28 ಮಿ.ಮೀ. ಸಾಕಾದರೆ, ಉಳಿದೆಡೆಗೆ 32ರಿಂದ 40 ಮಿ.ಮೀ. ಒಳ್ಳೆಯದು. ಆಗಸ್ಟ್ ತಿಂಗಳಲ್ಲಿ ಕಾಫಿ ತೋಟಗಳ ನಡುವಿನ ರಸ್ತೆಯನ್ನು ಬಗ್ಗಿ ನೋಡಿದರೆ ಕಾರಣ ಗೊತ್ತಾಗುತ್ತದೆ. ಮರದ ನೆರಳಿನಲ್ಲಿ ಬಿಸಿಲೇ ಕಾಣದ ಡಾಂಬರಿನ ಮೇಲೆ ಎರಡು ಕಪ್ಪು ಪಟ್ಟೆಗಳು ಮಾತ್ರ ಸ್ವಚ್ಛವಾಗಿರುತ್ತವೆ, ಅವು ಜೀಪು ಮತ್ತು ಪಿಕಪ್‌ಗಳ ಚಕ್ರ ಉಜ್ಜಿದ ಜಾಗ. ಅವುಗಳ ನಡುವೆಯೂ ಅಂಚಿನಲ್ಲೂ ಪಾಚಿ ಹಸಿರಾಗಿ ಹಬ್ಬಿ, ಅದರ ಮೇಲೆ ಸಿಲ್ವರ್ ಓಕ್ ಮರದ ಎಲೆಗಳು ಅಂಟಿಕೊಂಡಿರುತ್ತವೆ. ಸವಾರ ಆ ಕಪ್ಪು ಪಟ್ಟೆಯನ್ನು ಬಿಟ್ಟು ಕದಲಬಾರದು, ಎದುರಿನಿಂದ ವಾಹನ ಬಂದಾಗ ಪಾಚಿಯ ಮೇಲೆ ಹ್ಯಾಂಡಲ್ ತಿರುಗಿಸುವುದರ ಬದಲು ವೇಗ ಇಳಿಸಿ ನೆಟ್ಟಗೆ ಅಂಚಿಗೆ ಸರಿದು ನಿಲ್ಲಬೇಕು. 70 ಕಿಲೋ ತೂಕದವರಿಗೆ 32 ಮಿ.ಮೀ. ಟಯರಿನಲ್ಲಿ 55ರಿಂದ 65 ಪಿ.ಎಸ್.ಐ. (ಗಾಳಿಯ ಒತ್ತಡದ ಅಳತೆ) ಗಾಳಿ ಇದ್ದರೆ ಸಾಕು, ಮಳೆಯಲ್ಲಿ ಅದರಿಂದಲೂ ಐದು ಕಡಿಮೆ ಮಾಡಿದರೆ ಹಿಡಿತ ಹೆಚ್ಚುತ್ತದೆ. ಮುಂಗಾರಿಗೆ ಮುನ್ನ ತೋಟಗಳಲ್ಲಿ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ, ನಡೆಯುವಾಗ ರಸ್ತೆಯ ಮೇಲೆ ಸಿಗುವ ಕೊಂಬೆಯ ಚೂರುಗಳು ತೆಳು ಟಯರಿಗೆ ಶತ್ರು. ಒಳಗೆ ಪಂಕ್ಚರ್ ತಡೆಯುವ ಪದರವಿರುವ ಟಯರು ತುಸು ಭಾರವಾದರೂ ಪರವಾಗಿಲ್ಲ.

ಮಡ್‌ಗಾರ್ಡ್ ಬಗ್ಗೆ ಒಂದು ಮಾತು. ಸೀಟಿನ ಕೆಳಗೆ ಸಿಕ್ಕಿಸುವ ಪ್ಲಾಸ್ಟಿಕ್ ತುಂಡು ಚಿತ್ರಕ್ಕೆ ಚೆಂದ, ಕೊಡಗಿನ ಮಳೆಗೆ ಅಲ್ಲ. ಗಾಲಿಯನ್ನು ಪೂರ್ತಿ ಬಳಸಿಕೊಂಡಿರುವ, ಮುಂದಿನದಕ್ಕೆ ನೆಲದವರೆಗೆ ರಬ್ಬರ್ ತುಂಡು ಇಳಿಬಿಟ್ಟಿರುವ ಹಳೆಯ ಮಾದರಿಯೇ ಬೇಕು. ಮೇಲಿನಿಂದ ಬೀಳುವ ನೀರು ಸ್ವಚ್ಛವಾದದ್ದು, ಗಾಲಿ ಎತ್ತಿ ಎರಚುವ ಕೆಂಪು ಕೆಸರೇ ಚೈನು, ಬೇರಿಂಗು, ಬೂಟು ಮತ್ತು ಸಹಸವಾರನ ಮುಖವನ್ನು ಹಾಳುಮಾಡುವುದು.

ಬಟ್ಟೆಯಲ್ಲಿ ಮುಖ್ಯವಾದ ನಿಯಮವೊಂದೇ: ಮೈಗೆ ತಾಗುವ ಪದರ ಹತ್ತಿಯದಾಗಿರಬಾರದು. ಒದ್ದೆಯಾದ ಹತ್ತಿ ಒಣಗುವುದೇ ಇಲ್ಲ, ಮೈಯ ಶಾಖವನ್ನು ಹೀರುತ್ತಲೇ ಇರುತ್ತದೆ. ಪಾಲಿಯೆಸ್ಟರ್ ಅಥವಾ ತೆಳು ಉಣ್ಣೆ ಒಳ್ಳೆಯದು. ಒದ್ದೆಯಾದರೂ ಬೆಚ್ಚಗಿಡುವ ಉಣ್ಣೆಯ ಗುಣವನ್ನು ಮಲೆನಾಡಿನ ಗದ್ದೆಗಳಲ್ಲಿ ಕಂಬಳಿಕೊಪ್ಪೆ ಹೊದ್ದು ನಾಟಿ ಮಾಡಿದವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ರೈನ್ ಜಾಕೆಟ್ಟನ್ನು ಏರಿನಲ್ಲಿ ತೊಟ್ಟರೆ ಒಳಗಿನ ಬೆವರೇ ಮಳೆಗಿಂತ ಹೆಚ್ಚು ತೋಯಿಸುತ್ತದೆ, ಎಷ್ಟು ದುಬಾರಿಯ ಜಾಕೆಟ್ ಆದರೂ ಕಕ್ಕಡ ತಿಂಗಳ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ) ತೇವದಲ್ಲಿ ಅದು ಉಸಿರಾಡುವುದಿಲ್ಲ. ಹಾಗಾಗಿ ಏರುವಾಗ ಜಿನುಗು ಮಳೆಯಲ್ಲಿ ನೆನೆದುಕೊಂಡೇ ಹೋಗಿ, ತುದಿ ತಲುಪಿದ ಮೇಲೆ ಇಳಿಯುವ ಮುನ್ನ ಜಾಕೆಟ್ ತೊಡುವುದು ಸರಿಯಾದ ಕ್ರಮ. ಬೆಳಗ್ಗೆ ಹೊರಟವರು ಒಣ ಬನಿಯನ್ ಒಂದನ್ನು, ಒಂದು ಜೊತೆ ಕಾಲುಚೀಲವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟುಕೊಂಡಿರಲಿ. ತಲೆಯಿಂದ ಇಳಿಬಿಡುವ ಪೊಂಚೊ ಬಗೆಯ ಅಗಲ ಹೊದಿಕೆ ಪೇಟೆಯೊಳಗೆ, ಗಾಳಿಯಿಲ್ಲದ ಕಣಿವೆಯಲ್ಲಿ ಅನುಕೂಲ. ಗಾಳಿಬೀಡಿನಂಥ ಬಯಲಾದ ಎತ್ತರದಲ್ಲಿ ಅದು ಹಾಯಿಯಾಗಿ ಸೈಕಲ್ಲನ್ನೇ ಎಳೆದೊಯ್ಯುತ್ತದೆ.

ಮಳೆ ಮುಗಿದ ಮೇಲೂ ಎಚ್ಚರಿಕೆ ಬೇಕಾಗುತ್ತದೆ. ಎತ್ತರ ಸಾವಿರ ಮೀಟರ್ ಹೆಚ್ಚಾದರೆ ಉಷ್ಣತೆ ಸರಾಸರಿ ಆರು ಆರೂವರೆ ಡಿಗ್ರಿ ಕಡಿಮೆಯಾಗುತ್ತದೆ ಎಂಬುದು ಪಾಠಪುಸ್ತಕದ ಲೆಕ್ಕ. ಆದರೆ ಕೊಡಗಿನ ಸುಗ್ಗಿಹಬ್ಬವಾದ ಹುತ್ತರಿ (ನವೆಂಬರ್-ಡಿಸೆಂಬರ್) ಕಳೆದ ಮೇಲಿನ ಸ್ತಬ್ಧ ರಾತ್ರಿಗಳಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ತಣ್ಣನೆಯ ಗಾಳಿ ಭಾರವಾದದ್ದರಿಂದ ಇಳಿಜಾರಿನಲ್ಲಿ ಜಾರಿ ಗದ್ದೆಯ ಮಟ್ಟದಲ್ಲಿ ಶೇಖರವಾಗುತ್ತದೆ, ಬೆಳಗ್ಗೆ ಎಂಟು ಗಂಟೆಯಾದರೂ ಗದ್ದೆಯಲ್ಲಿ ಮಂಜು ತುಂಬಿದ್ದು ಅದಕ್ಕಿಂತ ಮೇಲಿರುವ ಮನೆಯಂಗಳದಲ್ಲಿ ಬಿಸಿಲಿರುತ್ತದೆ. ಕಾಫಿ ಒಣಗಿಸುವ ಕಣಗಳು ಮನೆಯ ಮಟ್ಟದಲ್ಲೇ ಇರುವುದು ಸುಮ್ಮನೆ ಅಲ್ಲ. ಸವಾರನಿಗೆ ಇದರ ಅರ್ಥವೇನೆಂದರೆ, ತೋಟದ ಬಿಸಿಲಿನಿಂದ ಗದ್ದೆಯ ಸೇತುವೆಗೆ ಇಳಿದ ಅರೆನಿಮಿಷದಲ್ಲಿ ಕನ್ನಡಕ ಮಬ್ಬಾಗುತ್ತದೆ, ಬೆರಳು ಮರಗಟ್ಟಿ ಬ್ರೇಕಿನ ಲಿವರ್ ಸಿಗುವುದಿಲ್ಲ. ಪೂರ್ಣ ಬೆರಳಿನ ಕೈಗವಸು, ಕಪ್ಪು ಗಾಜಿನ ಬದಲು ಬಣ್ಣವಿಲ್ಲದ ಅಥವಾ ಹಳದಿ ಗಾಜಿನ ಕನ್ನಡಕ, ಎದೆಗೆ ಗಾಳಿ ತಾಗದಂತೆ ತೋಳಿಲ್ಲದ ತೆಳು ಜಾಕೆಟ್ ಈ ಕಾಲಕ್ಕೆ ಸಾಕು. ಜಾಕೆಟ್ ಇಲ್ಲದಿದ್ದರೆ ಜರ್ಸಿಯ ಒಳಗೆ ಎದೆಯ ಮೇಲೆ ದಿನಪತ್ರಿಕೆಯ ಎರಡು ಹಾಳೆ ಇಟ್ಟುಕೊಂಡರೂ ಘಾಟಿ ಇಳಿಯಬಹುದು.

ಮಂಜಿನಲ್ಲಿ ದೀಪದ ಉದ್ದೇಶ ದಾರಿ ನೋಡುವುದಲ್ಲ, ಇತರರಿಗೆ ಕಾಣುವುದು. ಮುಂದಿನ ದೀಪವನ್ನು ನೇರಕ್ಕೆ ಹಾಯಿಸಿದರೆ ಬೆಳಕೆಲ್ಲ ಮಂಜಿಗೆ ತಗುಲಿ ಸವಾರನ ಕಣ್ಣಿಗೇ ಮರಳುತ್ತದೆ, ಆದ್ದರಿಂದ ಅದನ್ನು ನೆಲದ ಕಡೆಗೆ ಬಾಗಿಸಿ ಕಡಿಮೆ ಪ್ರಖರತೆಯಲ್ಲಿ ಇಡಬೇಕು. ಹಿಂದಿನ ಕೆಂಪು ದೀಪ ಹಗಲಿನಲ್ಲೂ ಉರಿಯುತ್ತಿರಲಿ. ಕೊಳ್ಳುವಾಗ ಪೆಟ್ಟಿಗೆಯ ಮೇಲೆ ನೀರು ತಡೆಯುವ ಮಟ್ಟವನ್ನು ಹೇಳುವ ಐಪಿಎಕ್ಸ್ ಸಂಖ್ಯೆ ನೋಡಿ: 4 ಎಂದಿದ್ದರೆ ಹನಿ, ಎರಚಲಿಗೆ ಮಾತ್ರ ತಡೆ, 6 ಎಂದಿದ್ದರೆ ರಭಸದ ನೀರಿನ ಧಾರೆಗೂ ತಡೆ. ಇಲ್ಲಿಗೆ ಆರು ಬೇಕು.

ಈಗ ಚೀಲದೊಳಗಿನ ಸಾಮಾನಿನ ವಿಷಯ. 2011ರ ಜನಗಣತಿಯಂತೆ ಕೊಡಗಿನ ಜನಸಾಂದ್ರತೆ ಚದರ ಕಿ.ಮೀ.ಗೆ 135, ರಾಜ್ಯದ ಸರಾಸರಿ 319. ಸಂಖ್ಯೆ ಇಷ್ಟು ಕಡಿಮೆಯಿರುವುದಷ್ಟೇ ಅಲ್ಲ, ಇರುವ ಜನರೂ ರಸ್ತೆಗೆ ಮುಖ ಮಾಡಿ ಸಾಲಾಗಿ ಕೂತಿಲ್ಲ. ನಕಾಶೆಯಲ್ಲಿ ಊರಿನ ಹೆಸರಿದ್ದ ಕಡೆ ರಸ್ತೆಯಲ್ಲಿ ಕಾಣುವುದು ಒಂದು ಬಸ್ ತಂಗುದಾಣ, ಒಂದು ಫಲಕ, ಮೇಲಕ್ಕೆ ಹೋಗುವ ಗೇಟು ಇಷ್ಟೇ. ಮೂಡಣ ಬದಿಯಲ್ಲಿ ಪಂಕ್ಚರ್ ಆದರೆ ಕೂಗಳತೆಯಲ್ಲಿ ಜನ ಸಿಗುತ್ತಾರೆ. ನಾಪೋಕ್ಲಿನಿಂದ ಭಾಗಮಂಡಲದ ಕಡೆಗೋ ವಿರಾಜಪೇಟೆಯಿಂದ ಮಾಕುಟ್ಟ ಘಾಟಿಯ ಕಾಡಿಗೋ ಹೊರಟವರು ರಿಪೇರಿಯ ಅಂಗಡಿಯನ್ನು ಬೆನ್ನಿಗೆ ಕಟ್ಟಿಕೊಂಡೇ ಹೋಗಬೇಕು. ಎರಡು ಟ್ಯೂಬು, ಪಂಪು, ಟಯರ್ ಲಿವರ್, ಚೈನ್ ಕಟರ್ ಇರುವ ಬಹುಪಯೋಗಿ ಉಪಕರಣ, ಚೈನಿನ ಜೋಡಿಕೊಂಡಿ, ಒಂದು ಜೊತೆ ಬ್ರೇಕ್ ಪ್ಯಾಡು ಕಡ್ಡಾಯ. ಟ್ಯೂಬಿಗೆ ತೇಪೆ ಹಾಕುವ ಅಂಟು ಒದ್ದೆ ರಬ್ಬರಿಗೆ ಹಿಡಿಯುವುದಿಲ್ಲವಾದ್ದರಿಂದ ಮಳೆಗಾಲದಲ್ಲಿ ತೇಪೆಯನ್ನು ನಂಬಿಕೊಂಡು ಹೋಗಬಾರದು. ಟ್ಯೂಬು ಬದಲಿಸುವುದಕ್ಕೂ ಬಸ್ ತಂಗುದಾಣದವರೆಗೆ ತಳ್ಳಿಕೊಂಡು ಹೋಗುವುದೇ ವಾಸಿ. ಹುಲ್ಲಿನ ಅಂಚಿನಲ್ಲಿ ಕುಳಿತವರ ಕಾಲಿಗೆ ಜಿಗಣೆ ಹತ್ತುವುದಕ್ಕೆ ಟ್ಯೂಬು ಬದಲಿಸುವಷ್ಟು ಹೊತ್ತೂ ಬೇಡ. ಸಣ್ಣ ಡಬ್ಬಿಯಲ್ಲಿ ಉಪ್ಪು ಇಟ್ಟುಕೊಂಡಿದ್ದರೆ ಸಾಕು.

ದಾರಿ ಆರಿಸುವಾಗ ನೆನಪಿಡಬೇಕಾದ ಇನ್ನೊಂದು ಸಂಗತಿಯಿದೆ. ಇಳಿಜಾರಿನ ನಡುಮಟ್ಟ ಸುರಕ್ಷಿತ ಎಂಬ ಹಳೆಯ ಲೆಕ್ಕ, ಇಳಿಜಾರನ್ನು ಕಡಿಯದೆ ಬಿಟ್ಟಿದ್ದ ಕಾಲದ್ದು. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು, ಕಾಲೂರು ಭಾಗಗಳಲ್ಲಿ ಭಾರಿ ಮಳೆಗೆ ಗುಡ್ಡಗಳು ಕುಸಿದು ಮನೆ ಕಳೆದುಕೊಂಡವರಲ್ಲಿ ಅನೇಕರು ಇಂದು ಜಂಬೂರು, ಕರ್ಣಂಗೇರಿ, ಮದೆ ಮುಂತಾದೆಡೆ ಸರ್ಕಾರ ಕಟ್ಟಿಸಿದ ಸಾಲುಮನೆಗಳಲ್ಲಿ ನೆಲೆಸಿದ್ದಾರೆ. ಹೊಳೆಯ ದಡದಲ್ಲಿ ಮನೆ ಕಟ್ಟಿಕೊಂಡ ಸಿದ್ದಾಪುರ ಸಮೀಪದ ಕರಡಿಗೋಡು, ಗುಹ್ಯ ಗ್ರಾಮಗಳಿಗೆ 2019ರಲ್ಲಿ ಕಾವೇರಿ ನುಗ್ಗಿತ್ತು. ಹಾಗಾಗಿ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಹೊರಡುವ ಮುನ್ನ ಜಿಲ್ಲಾಡಳಿತದ ಮಳೆ ಎಚ್ಚರಿಕೆಯನ್ನು ನೋಡಿಕೊಳ್ಳಬೇಕು, ರೆಡ್ ಅಲರ್ಟ್ ಇದ್ದ ದಿನ ಘಾಟಿಯ ಕಡೆ ಮುಖ ಮಾಡಬಾರದು. ಹೊಸದಾಗಿ ಕಡಿದ ಬರೆಯ (ಗುಡ್ಡದ ಕಡಿದಾದ ಮಣ್ಣಿನ ಗೋಡೆಯ) ಕೆಳಗೆ, ರಸ್ತೆಗೆ ಕೆಂಪುನೀರು ಹರಿಯುತ್ತಿರುವ ಕಡೆ ವಿಶ್ರಾಂತಿಗೆ ನಿಲ್ಲಬೇಡಿ. ರಸ್ತೆ ಮುಳುಗಿದ್ದರೆ ನೀರೊಳಗೆ ಸೈಕಲ್ ಇಳಿಸಬೇಡಿ. ಸೆಳೆತದ ಅಪಾಯ ಒಂದೆಡೆ, ಗಾಲಿಯ ನಡುವಿನ ಹಬ್ಬು ಮತ್ತು ಪೆಡಲಿನ ನಡುಬೇರಿಂಗಿನ ಗ್ರೀಸು ತೊಳೆದುಹೋಗುವುದು ಇನ್ನೊಂದೆಡೆ.

ಸಿದ್ದಾಪುರ, ತಿತಿಮತಿ ಕಡೆಯ ತೋಟಗಳಲ್ಲಿ ಕಾಡಾನೆಗಳು ಸಂಚರಿಸುತ್ತವೆ. ಮುಂಜಾನೆ ಮತ್ತು ಮುಸ್ಸಂಜೆಯ ಸವಾರಿ ಬಿಡಿ, ಕಿವಿಗೆ ಇಯರ್‌ಫೋನ್ ಹಾಕಬೇಡಿ, ಹಸಿ ಲದ್ದಿ ಕಂಡರೆ ಬಂದ ದಾರಿಯಲ್ಲೇ ಹಿಂತಿರುಗಿ. ಆನೆಗೆ ಬೆಲ್ ಬಾರಿಸುವುದು ಧೈರ್ಯವಲ್ಲ.

ಮನೆಗೆ ಬಂದ ಮೇಲಿನ ಕೆಲಸವನ್ನು ಮುಂದೂಡಬಾರದು. ಬಕೆಟ್ ನೀರು, ಹಳೆಯ ಬ್ರಷ್ಷಿನಿಂದ ಕೆಸರು ತೊಳೆಯಿರಿ. ವಾಟರ್ ಸರ್ವಿಸ್ ಅಂಗಡಿಯ ರಭಸದ ಧಾರೆ ಬೇರಿಂಗಿನೊಳಗೆ ನೀರು ತುಂಬುತ್ತದೆಯಾದ್ದರಿಂದ ಅದು ಬೇಡ. ಚೈನನ್ನು ಬಟ್ಟೆಯಲ್ಲಿ ಒರೆಸಿ ಒಣಗಿಸಿ, ಮಳೆಗಾಲಕ್ಕೆಂದೇ ಸಿಗುವ ದಪ್ಪ ಎಣ್ಣೆಯನ್ನು ಕೊಂಡಿಗೊಂದು ಹನಿಯಂತೆ ಬಿಟ್ಟು ಹೊರಮೈಯ ಎಣ್ಣೆಯನ್ನು ಒರೆಸಿ ತೆಗೆಯಿರಿ. ಜನವರಿಯಿಂದ ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆಯ ಮಳೆ) ಬೀಳುವವರೆಗೆ ಧೂಳಿನ ಕಾಲವಾದ್ದರಿಂದ ತೆಳು ಎಣ್ಣೆ ಸಾಕು. ನೆನೆದ ಬೂಟನ್ನು ಸೌದೆ ಒಲೆಯ ಬಾಯಿಗೆ ಇಡುವುದು ಇಲ್ಲಿನ ಮನೆಗಳಲ್ಲಿ ಸಾಮಾನ್ಯ ಅಭ್ಯಾಸ. ಅಷ್ಟು ಶಾಖಕ್ಕೆ ತಳದ ಅಂಟು ಬಿಡುತ್ತದೆ. ಬೂಟಿನೊಳಗಿನ ಅಟ್ಟೆಯನ್ನು ಹೊರತೆಗೆದು, ದಿನಪತ್ರಿಕೆಯನ್ನು ಉಂಡೆ ಮಾಡಿ ತುರುಕಿ, ಗಂಟೆ ಕಳೆದ ಮೇಲೆ ಒದ್ದೆ ಕಾಗದ ತೆಗೆದು ಒಣದನ್ನು ಹಾಕಿ, ಒಲೆಯ ಮೇಲಿನ ಅಟ್ಟದ ಹೊಗೆಬಿಸಿಯಲ್ಲಿ ಇಟ್ಟರೆ ಬೆಳಗಿನ ಹೊತ್ತಿಗೆ ತೊಡುವಂತಾಗುತ್ತದೆ. ಚರ್ಮದ ಸೀಟಿದ್ದರೆ ಕಕ್ಕಡದಲ್ಲಿ ಅದಕ್ಕೆ ಬೂಷ್ಟು ಹಿಡಿಯುವುದು ನಿಶ್ಚಿತ, ವಾರಕ್ಕೊಮ್ಮೆ ಒಣಬಟ್ಟೆಯಿಂದ ಒರೆಸಬೇಕು.

ದೊಡ್ಡ ಮಳೆಯ ಸವಾರಿಯ ಮರುದಿನ ಸೀಟ್ ಪೋಸ್ಟನ್ನು (ಸೀಟನ್ನು ಹೊತ್ತ ಕೊಳವೆಯನ್ನು) ಹೊರತೆಗೆದು ಸೈಕಲ್ಲನ್ನು ತಲೆಕೆಳಗಾಗಿ ಒಂದು ಗಂಟೆ ನಿಲ್ಲಿಸಿ. ಫ್ರೇಮಿನೊಳಗೆ ಸೇರಿದ ನೀರು ಅಲ್ಲಿಂದಲೇ ಹೊರಬರಬೇಕು, ಇಲ್ಲದಿದ್ದರೆ ಅದು ನೇರವಾಗಿ ಪೆಡಲಿನ ನಡುಬೇರಿಂಗಿಗೆ ಇಳಿಯುತ್ತದೆ. ಉಕ್ಕಿನ ಫ್ರೇಮಿನಲ್ಲಿ ಅಲ್ಯೂಮಿನಿಯಂ ಪೋಸ್ಟ್ ಇದ್ದರೆ ತೇವದಲ್ಲಿ ಅವೆರಡೂ ಒಂದಕ್ಕೊಂದು ಕಚ್ಚಿಕೊಂಡು ಮುಂದೆ ಸುತ್ತಿಗೆಗೂ ಜಗ್ಗುವುದಿಲ್ಲ. ಪ್ರತಿ ಸಲವೂ ತೆಳುವಾಗಿ ಗ್ರೀಸು ಹಚ್ಚಿ ಮತ್ತೆ ಕೂರಿಸಿ. ತೆಗೆಯುವ ಮುನ್ನ ಪೋಸ್ಟಿನ ಮೇಲೆ ಫ್ರೇಮಿನ ಅಂಚಿಗೆ ಸರಿಯಾಗಿ ಒಂದು ಸುತ್ತು ಇನ್ಸುಲೇಶನ್ ಟೇಪ್ ಸುತ್ತಿಟ್ಟುಕೊಂಡರೆ ಸೀಟಿನ ಎತ್ತರವನ್ನು ಮತ್ತೆ ಅಳೆಯಬೇಕಾಗುವುದಿಲ್ಲ.